ಬಾಟಲಿಯಲ್ಲಿ ಮೊದಲಿದ್ದದ್ದು

ಪುಣೆ
೯ ಆಗಸ್ಟ್ ೨೦೨೪

ಸುಚಿ,

ನೀನು ಫೋನು ಎತ್ತುವುದಿಲ್ಲವೆಂದು ಬೈಯುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಧಾರವಾಡದ ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಮೇಲೆ ಕುಳಿತುಕೊಂಡೇ ನನಗೆ ಚೀಟಿ ಬರೆದು ಕೊಡುತ್ತಿದ್ದವಳು ನೀನು. ಹಾಗಾಗಿ ಕಾಗದ. ಲ್ಯಾಬಿನಲ್ಲಿ ಒಂದು ಅಳತೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಇಪ್ಪತ್ತು ನಿಮಿಷ ಸಿಗುತ್ತದೆ. ಮಲಗಲು ಸಾಲದು, ಬರೆಯಲು ಸಾಕು.

ನಿನ್ನಿಂದ ಒಂದು ಕೆಲಸ ಆಗಬೇಕು. ಅದಕ್ಕೆ ಮೊದಲು, ನಾನು ಇಲ್ಲಿ ಮಾಡುವುದೇನೆಂದು ಹೇಳಲೇಬೇಕು. ಏಳು ತುಂಡುಗಳನ್ನು ಸುತ್ತ ಜೋಡಿಸಿ ಮಾಡಿದ ಉಂಗುರದಂಥ ಒಂದು ಅಣು. ಮೇಲೆ ಕೆಳಗೆ ಕೊಯ್ದು ತಿರುಳು ತೆಗೆದ ಕುಂಬಳಕಾಯಿಯ ಹಾಗೆ ಇರುತ್ತದೆ. ನಾನು ಬಟ್ಟಲು ಎನ್ನುತ್ತೇನೆ. ನಮ್ಮ ಪುಸ್ತಕಗಳಲ್ಲಿ ಅದು ಆತಿಥೇಯ; ಅದರ ಹೊಟ್ಟೆಯೊಳಗೆ ಬಂದು ಕೂಡುವ ಸಣ್ಣ ಅಣು ಅತಿಥಿ. ಯಾವುದನ್ನೂ ಅಂಟಿಸುವುದಿಲ್ಲ. ಅಳತೆ ಹೊಂದಿದರೆ ಬಂದು ಕೂಡುತ್ತದೆ. ಇನ್ನೂ ಚೆನ್ನಾಗಿ ಹೊಂದುವುದು ಬಂದರೆ ಮೊದಲಿನದು ಎದ್ದು ಹೋಗುತ್ತದೆ. ಹೊಲದ ಹುಲ್ಲು ಸಾಯಲೆಂದು ಹೊಡೆಯುವ ಎಣ್ಣೆಯ ಅಣು ಈ ಬಟ್ಟಲಿಗೆ ಹೊಂದುತ್ತದೆ. ಒಳಗೆ ಕುಳಿತಿರುವಷ್ಟು ಹೊತ್ತು ಅದರ ವಿಷ ಬಹುಪಾಲು ಕಟ್ಟಿಹಾಕಿದಂತೆ.

ಯಾವ ಎಣ್ಣೆ ಎಂದು ನಿನಗೆ ಗೊತ್ತು. ನಮ್ಮ ಲಕ್ಷ್ಮಣಣ್ಣ ಹೋಗಿ ಈ ನಾಗರಪಂಚಮಿಗೆ ಆರು ವರ್ಷ. ಬಿಸಿಲಲ್ಲಿ ಬಂದವನು ತಂಪುಪಾನೀಯವೆಂದು ಆ ಎಣ್ಣೆಯಿದ್ದ ಬಾಟಲಿ ಎತ್ತಿದ. ಎರಡೇ ಗುಟುಕು. ಹನ್ನೊಂದನೆಯ ದಿನ ಅವನ ಪುಪ್ಪುಸ ಉಸಿರು ತೆಗೆದುಕೊಳ್ಳಲಿಲ್ಲ.

ಅಳೆಯುವುದು ಹೀಗೆ: ಬಟ್ಟಲಿನಲ್ಲಿ ಮೊದಲು ಒಂದು ಬಣ್ಣ ಕೂಡಿಸುತ್ತೇನೆ. ಒಳಗಿದ್ದಾಗ ಅದು ಹೊಳೆಯುತ್ತದೆ. ವಿಷ ಬಂದು ಅದನ್ನು ಹೊರಗೆ ನೂಕಿದರೆ ಹೊಳಪು ಇಳಿಯುತ್ತದೆ. ಇಳಿದದ್ದನ್ನು ಬರೆದುಕೊಳ್ಳುವುದೇ ನನ್ನ ನಾಲ್ಕು ವರ್ಷ. ಶುದ್ಧ ನೀರಿನಲ್ಲಿ ಎಲ್ಲ ಸರಿ ಬಂದಿದೆ, ಅಷ್ಟೇ ಸಾಕು ಎನ್ನುತ್ತಾರೆ ನನ್ನ ಗೈಡ್. ನನಗೆ ಸಾಲದು. ನಮ್ಮ ಕಡೆಯ ಬಾವಿ ನೀರಿನಲ್ಲಿ ಅದು ವಿಷ ಹಿಡಿಯಬೇಕು. ಆ ಒಂದು ಅಧ್ಯಾಯವಿಲ್ಲದೆ ಪ್ರಬಂಧ ಕೊಟ್ಟರೆ ನಾನು ಇಲ್ಲಿಗೆ ಬಂದದ್ದೇ ಸುಳ್ಳು. ಫೆಲೋಶಿಪ್ ಫೆಬ್ರವರಿ ಕೊನೆಗೆ ಮುಗಿಯುತ್ತದೆ.

ನಾಲ್ಕು ನೀರು ಬೇಕು: ನಿಮ್ಮ ದೇಗಾಂವದ್ದು, ಸಂಗೊಳ್ಳಿಯದ್ದು, ಸವದತ್ತಿಯದ್ದು, ಸಾಲಹಳ್ಳಿಯ ನಮ್ಮ ಹೊಲದ ಬಾವಿಯದ್ದು. ಒಂದೊಂದು ಲೀಟರ್. ಬೈಲಹೊಂಗಲದ ಅಂಗಡಿಯಲ್ಲಿ ಹೊಸ ಬಾಟಲಿ ಕೊಂಡುಕೋ. ಬೇರೆ ಯಾರಿಗೂ ಇದನ್ನು ಹೇಳಲಾರೆ.

ಮಹಾನಂದಾ


ದೇಗಾಂವ
೧ ಸೆಪ್ಟೆಂಬರ್ ೨೦೨೪

ಪ್ರಿಯ ಮಹಾನಂದಾ,

ನಾಲ್ಕೂ ಬಾಟಲಿಗಳನ್ನು ನಿನ್ನೆ ಬೆಳಗಾವಿಯಲ್ಲಿ ಪುಣೆಯ ಬಸ್ಸಿಗೆ ಹಾಕಿದೆ. ಕ್ಲೀನರನ ಕಾಲ ಬಳಿ ಡಬ್ಬಿ ನಿಲ್ಲಿಸಿ, ಅದು ಅಲ್ಲಾಡುವುದೋ ಎಂದು ಬಸ್ಸು ತಿರುಗುವವರೆಗೂ ನೋಡುತ್ತಿದ್ದೆ.

ನಮ್ಮ ಬಾವಿಯದ್ದನ್ನು ಬೆಳಿಗ್ಗೆಯೇ ತುಂಬಿದೆ. ಸಂಗೊಳ್ಳಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ವಿದ್ಯಾರ್ಥಿನಿ ಶಿವಾನಿಯ ಹೊಲವಿದೆ. ಅವಳು ಇಡೀ ದಾರಿ ಮಾತಾಡಿದಳು, ನಾನು ಹೂಂ ಎಂದೆ. ಸವದತ್ತಿಯ ಕೊಳವೆಬಾವಿ ನೀರು ನಾಲಿಗೆಗೇ ಗಡಸು. ಸಾಬೂನು ನೊರೆ ಬರುವುದಿಲ್ಲವಂತೆ. ನಿಮ್ಮ ಮನೆಯಲ್ಲಿ ನನ್ನನ್ನು ಊಟ ಮಾಡದೆ ಬಿಡಲಿಲ್ಲ. ನಿನ್ನ ಬಟ್ಟಲಿನ ವಿಷಯ ಹೇಳು ಎಂದು ನಿನ್ನ ಅವ್ವ ಕೇಳಿದರು. ಅಣು ಎಂಬ ಮಾತು ಬಿಟ್ಟು, ಬೀಗರು ಬಂದು ಕೂಡುವ ಖೋಲಿ ಎಂದು ಹೇಳಿದೆ. ಒಳಗೆ ಕೂತವರು ಇನ್ನೊಬ್ಬರು ಬಂದರೆ ಎದ್ದು ಹೋಗುತ್ತಾರೆ ಎಂದೆ.

"ಬಂದ ಬೀಗರನ್ನ ಎಬ್ಬಿಸಾಕ ಮತ್ತೊಬ್ಬ ಬೀಗನ್ನ ಕರಸೂದು. ಇಷ್ಟು ಕಲ್ಯಾಕ ಪುಣೆಕ್ಕ ಹೋಗಬೇಕಿತ್ತೇನು ಆಕಿ?" ಎಂದರು. ಬಹಳ ದಿನದ ಮೇಲೆ ಅವರು ನಕ್ಕದ್ದು ಕಂಡೆ.

ಒಂದು ಮಾತು ಬರೆಯಲೋ ಬೇಡವೋ ತಿಳಿಯದು. ನಿನ್ನ ಅಪ್ಪ ಹಣಮಂತಪ್ಪ ಕಾಕಾ ಬಾವಿಗಿಳಿದು ನೀರು ತುಂಬಿ ತಂದುಕೊಟ್ಟಾಗ ಅವ್ವ ಬಾಟಲಿಯನ್ನು ನೋಡಿ, ಕಾಕಾನಿಗೆ ಕೇಳಿಸುವಂತೆ ನನಗೆ ಹೇಳಿದರು: "ಚೀಟಿ ಹಚ್ಚು ತಂಗಿ. ನಮ್ಮ ಮನ್ಯಾಗ ಹಿರೇರಿಗೆ ಆ ರೂಢಿ ಇಲ್ಲ." ಕಾಕಾ ಟವೆಲು ಹೆಗಲಿಗೆ ಹಾಕಿಕೊಂಡು ಎತ್ತಿನ ಕಡೆ ಹೋದರು. ಆರು ವರ್ಷವಾದರೂ ಉಳಿದ ಎಣ್ಣೆಯನ್ನು ಆ ಬಾಟಲಿಗೆ ಸುರಿದಿಟ್ಟ ತಪ್ಪನ್ನು ಅವರು ದಿನವೂ ಕೇಳಿಸಿಕೊಳ್ಳುತ್ತಿದ್ದಾರೆ.

ಎಲ್ಲಕ್ಕೂ ಚೀಟಿ ಹಚ್ಚಿದ್ದೇನೆ. ಬಾಟಲಿಗಳು ಬಹಳ ಸ್ವಚ್ಛ ಇವೆ.

ನಿನ್ನ ಸುಚೇತಾ


ಪುಣೆ
೨೭ ಸೆಪ್ಟೆಂಬರ್ ೨೦೨೪

ಸುಚಿ,

ನಾಲ್ಕೂ ಹೋದವು.

ವಿಷ ಹಾಕುವುದು ಆಮೇಲಿನ ಮಾತು, ಬಣ್ಣ ಹಾಕಿದರೇ ಹೊಳೆಯಲಿಲ್ಲ. ಅಂದರೆ ಬಟ್ಟಲಿನೊಳಗೆ ಅದಕ್ಕೆ ಜಾಗವೇ ಇಲ್ಲ. ಶುದ್ಧ ನೀರಿನಲ್ಲಿ ಅದೇ ದಿನ, ಅದೇ ಬಟ್ಟಲು ಹೊಳೆಯಿತು. ಮೂರು ಸಲ ಮಾಡಿದೆ. ಲ್ಯಾಬಿನ ಸದಾಶಿವನ ಕೈಯಲ್ಲೂ ಮಾಡಿಸಿದೆ, ನನ್ನ ಕೈಯೇ ಕೆಟ್ಟಿದೆಯೇನೋ ಎಂದು.

ಲವಣ ಹೆಚ್ಚಿರಬಹುದು. ಸುಣ್ಣದ ಅಂಶ, ಉಪ್ಪು, ಇವು ಬಟ್ಟಲಿನ ಬಾಯಿಗೆ ಬಂದು ನಿಲ್ಲುತ್ತವೆ. ಆದರೆ ಸವದತ್ತಿಯ ಗಡಸು ನೀರೂ ನಿಮ್ಮ ಮನೆಯ ಸಿಹಿ ನೀರೂ ಒಂದೇ ಥರ ಹೇಗೆ ಕೆಡುತ್ತವೆ?

ಕೇಳಲೇಬೇಕಾದ ಪ್ರಶ್ನೆ, ತಪ್ಪು ತಿಳಿಯಬೇಡ. ಬಾಟಲಿಗಳು ಹೊಸವೇ?

ಮ.


ಬೈಲಹೊಂಗಲ
೬ ಅಕ್ಟೋಬರ್ ೨೦೨೪

ಪ್ರಿಯ ಮಹಾನಂದಾ,

ಹೊಸವೇ. ಇಲ್ಲಿಯ ಅಂಗಡಿಯಲ್ಲಿ ಕೊಂಡೆ.

ನಿನ್ನ ಕಾಗದ ಓದಿ ಬೇಸರವಾಯಿತು. ಲವಣವೇ ಇರಬೇಕು ಎಂದು ನನಗೂ ಅನ್ನಿಸುತ್ತದೆ. ನಮ್ಮ ಬಾವಿ ನೀರಿನಲ್ಲಿಯೂ ಬೇಳೆ ಈಗೀಗ ಬೇಗ ಬೇಯುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಕಾಲೇಜಿಗೆ ಹೊರಡುವ ಹೊತ್ತಾಯಿತು. ಊಟ ಬಿಡಬೇಡ.

ಸುಚೇತಾ


ಪುಣೆ
೧೯ ನವೆಂಬರ್ ೨೦೨೪

ಸುಚಿ,

ಲವಣವಲ್ಲ. ನಿನ್ನ ನಾಲ್ಕು ನೀರಿನಲ್ಲಿ ಏನೇನು ಲವಣ ಎಷ್ಟೆಷ್ಟಿದೆ ಎಂದು ಅಳೆಸಿ, ಅಷ್ಟಷ್ಟನ್ನೇ ಶುದ್ಧ ನೀರಿಗೆ ಬೆರೆಸಿ ನಾನೇ ನಾಲ್ಕು ಬಾವಿ ಮಾಡಿದೆ. ನನ್ನ ಬಾವಿಗಳಲ್ಲಿ ಬಟ್ಟಲು ಹೊಳೆಯುತ್ತದೆ. ನಿನ್ನವುಗಳಲ್ಲಿ ಇಲ್ಲ. ಗೊಬ್ಬರ ಬೆರೆಸಿ ನೋಡಿದೆ. ಹತ್ತಿಗೆ, ಕಬ್ಬಿಗೆ ಹೊಡೆಯುವ ಎಣ್ಣೆಗಳನ್ನು ಒಂದೊಂದಾಗಿ ನೋಡಿದೆ. ಎರಡು ತಿಂಗಳಾಯಿತು. ಬೆಳಿಗ್ಗೆ ಏಳಕ್ಕೆ ಬಂದವಳು ರಾತ್ರಿ ಲ್ಯಾಬಿನ ದೀಪ ಆರಿಸಿ ಮೆಟ್ಟಿಲಿಳಿಯುತ್ತೇನೆ.

ಒಳಗೆ ಏನೋ ಕುಳಿತಿದೆ, ಅದೂ ಗಟ್ಟಿಯಾಗಿ. ಈ ಬಟ್ಟಲಿಗೆ ತೀರ ಇಷ್ಟವಾಗುವುದು ಸಣ್ಣ ಗುಂಡನೆಯ ಅಣುಗಳು, ಕರ್ಪೂರದಂಥವು. ಅಂಥದ್ದೊಂದು ಕೂತರೆ ಬಣ್ಣವಿರಲಿ, ವಿಷವೂ ಅದನ್ನು ಎಬ್ಬಿಸಲಾರದು. ನಾಲ್ಕು ಊರಿನ ನೀರಿಗೆ ಕರ್ಪೂರ ಎಲ್ಲಿಂದ ಬರಬೇಕು? ಹಾಗಾಗಿ ನಮಗೆ ಹೆಸರೇ ಗೊತ್ತಿಲ್ಲದ ಯಾವುದೋ ಹೊಸ ಔಷಧ ನೆಲದೊಳಗೆ ಇಳಿದಿದೆ ಎಂದೇ ನಾನು ತಿಳಿದಿದ್ದೇನೆ. ನೀರಿನಲ್ಲಿ ಯಾವ ಅಣುಗಳಿವೆಯೆಂದು ಗೆರೆ ಎಳೆದು ತೋರಿಸುವ ಯಂತ್ರದಲ್ಲಿ ಗುರುತು ಸಿಗದ ಮೂರು ಮೊನೆಗಳಿವೆ. ಅವನ್ನೇ ನೋಡುತ್ತ ಕೂಡುತ್ತೇನೆ.

ಬಾವಿ ನೀರಿನ ಅಧ್ಯಾಯ ಬಿಟ್ಟು ಬಿಡಿ ಎಂದರು ಗೈಡ್. ಅಣ್ಣ ಶುದ್ಧ ನೀರಿನ ಊರಿನಲ್ಲಿ ಸಾಯಲಿಲ್ಲ ಎಂದು ಅವರಿಗೆ ಹೇಳುವುದು ಹೇಗೆ.

ಮನೆಗೆ ಫೋನು ಮಾಡಿ, ಹೊಲದ ಬಾವಿ ನೀರು ಕುಡಿಯಬೇಡಿ ಎಂದು ಹೇಳಿದ್ದೇನೆ. ನೀವೂ ಕುಡಿಯಬೇಡಿ.

ಮ.


ದೇಗಾಂವ
೧೫ ಡಿಸೆಂಬರ್ ೨೦೨೪

ಪ್ರಿಯ ಮಹಾನಂದಾ,

ಉತ್ತರ ತಡವಾಯಿತು. ಕಾಲೇಜಿನಲ್ಲಿ ಕಿರು ಪರೀಕ್ಷೆ, ನೂರಾ ನಲವತ್ತು ಉತ್ತರಪತ್ರಿಕೆ. ಅತಿಥಿ ಉಪನ್ಯಾಸಕರಿಗೆ ಪ್ರತ್ಯೇಕ ಕುರ್ಚಿ ಇಲ್ಲ. ಯಾರು ತರಗತಿಗೆ ಹೋಗಿರುತ್ತಾರೋ ಅವರ ಕುರ್ಚಿಯಲ್ಲಿ ಕುಳಿತು ತಿದ್ದುತ್ತೇನೆ, ಅವರು ಬಂದಾಗ ಏಳುತ್ತೇನೆ. ಚಳಿ ಹೆಚ್ಚಾಗಿದೆ. ಬೆಳಿಗ್ಗೆ ಕಿತ್ತೂರಿನ ಬಸ್ಸಿನಲ್ಲಿ ಎಲ್ಲರೂ ಶಾಲಿನೊಳಗೆ ಮುಖ ಹುದುಗಿಸಿಕೊಂಡು ಕೂಡುತ್ತಾರೆ. ನನಗೆ ಅದು ಹಿತವೆನ್ನಿಸುತ್ತದೆ, ಯಾರೂ ಮಾತಾಡಿಸುವುದಿಲ್ಲ. ಅಪ್ಪನಿಗೆ ಕೆಮ್ಮು. ಅಮ್ಮ ಕಷಾಯ ಕುದಿಸುತ್ತಾಳೆ, ಅಪ್ಪ ಕುಡಿಯುವುದಿಲ್ಲ.

ನಿನ್ನ ಕಾಗದವನ್ನು ಹಲವು ಸಲ ಓದಿದೆ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಬಾ ಎಂದು ನಿನ್ನ ಅವ್ವ ಹೇಳಿ ಕಳಿಸಿದ್ದಾರೆ. ಹೋಗುತ್ತೇನೆ.

ಸುಚೇತಾ


ದೇಗಾಂವ
೨ ಜನವರಿ ೨೦೨೫

ಮಹಾನಂದಾ,

ಬಾಟಲಿಗಳು ಹೊಸವಲ್ಲ.

ಇದೊಂದು ಸಾಲನ್ನು ಬರೆಯಲು ನನಗೆ ಮೂರು ತಿಂಗಳು ಬೇಕಾಯಿತು. ಉಳಿದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಆಗಸ್ಟಿನಲ್ಲಿ ಅಂಗಡಿಗೆ ಹೋಗಿದ್ದೆ. ಗಲ್ಲಾ ಪೆಟ್ಟಿಗೆಯ ಮುಂದೆ ಆರೇಳು ಗಂಡಸರು ನಿಂತಿದ್ದರು. ಸ್ವಲ್ಪ ಹೊತ್ತು ಹಿಂದೆ ನಿಂತೆ. ಏನು ಬೇಕ್ರಿ ಎಂದು ಅಂಗಡಿಯವನು ಕೇಳಿದಾಗ ಎಲ್ಲರೂ ತಿರುಗಿ ನೋಡಿದರು. ಏನಿಲ್ಲ ಎಂದು ಬಂದುಬಿಟ್ಟೆ. ನೀನು ನಂಬಬೇಕು, ಅಷ್ಟೇ ಆದದ್ದು. ಮನೆಯಲ್ಲಿ ಅಮ್ಮನಿಗೆ ಹೇಳಿದೆ. "ಬಾಟ್ಲಿ ಕೊಳ್ಳೂದ್ಯಾಕ? ತೀರ್ಥ ಕಳಸೂ ಬಾಟ್ಲಿ ಅಟ್ಟದ ಮ್ಯಾಲೆ ಮಡೀಲೆ ತೊಳದಿಟ್ಟೀನಿ. ಅದಕ್ಕಿಂತಾ ಸ್ವಚ್ಛ ಅಂಗಡ್ಯಾಗ ಸಿಗತದೇನು?" ಎಂದಳು. ನನಗೂ ಹಾಗೇ ಅನ್ನಿಸಿತು. ನಮ್ಮ ಮನೆಯಲ್ಲಿ ಆ ಬಾಟಲಿಗಳನ್ನು ಸ್ನಾನವಾಗದೆ ಯಾರೂ ಮುಟ್ಟುವುದಿಲ್ಲ. ಮಡಿಯಲ್ಲಿದ್ದದ್ದು ಶುದ್ಧವಾಗಿರುವುದಿಲ್ಲ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಮುಗ್ಗಲು ವಾಸನೆ ಬರಬಾರದೆಂದು ಅಮ್ಮ ಒಂದೊಂದು ಬಾಟಲಿಯೊಳಗೆ ಒಂದೊಂದು ಹರಳು ಪಚ್ಚಕರ್ಪೂರ ಹಾಕಿ ಮುಚ್ಚಿಡುತ್ತಾಳೆ. ನಾನು ಅದನ್ನು ಕೊಡವಿ, ಒಂದು ಸಲ ನೀರಿನಲ್ಲಿ ಅಲುಗಿಸಿ ಚೆಲ್ಲಿ, ನೀರು ತುಂಬಿಸಿದೆ.

ಅಕ್ಟೋಬರಿನಲ್ಲಿ ನೀನು ಕೇಳಿದಾಗ ಹೊಸವೇ ಎಂದು ಬರೆದೆ. ಬೇರೆ ಯಾರಾದರೂ ಕೇಳಿದ್ದರೆ ನಿಜ ಹೇಳುತ್ತಿದ್ದೆನೇನೋ. ನಿಮ್ಮ ಮನೆಯಲ್ಲಿ ಬಾಟಲಿ ಎಂದರೆ ಏನೆಂದು ನನಗೆ ಗೊತ್ತು. ಮೊದಲೇನಿತ್ತೆಂದು ನೋಡದೆ ತುಂಬಿದವಳು ನಾನೂ ಎಂದು ನಿನಗೇ ಹೇಗೆ ಬರೆಯಲಿ? ನವೆಂಬರಿನ ಕಾಗದದಲ್ಲಿ ನೀನೇ ಕರ್ಪೂರ ಎಂದು ಬರೆದೆ. ಅದನ್ನು ಓದಿದಾಗ ನಾನು ಬಸ್ಸಿನಲ್ಲಿದ್ದೆ. ಇಳಿಯುವ ಸ್ಟಾಪು ದಾಟಿಹೋಯಿತು. ಆಮೇಲೂ ಚಳಿ, ಕಷಾಯ ಎಂದು ಒಂದು ಪುಟ ತುಂಬಿ ಕಳಿಸಿದೆ.

ಎಳ್ಳಮಾವಾಸ್ಯೆಗೆ ಸಾಲಹಳ್ಳಿಗೆ ಹೋಗಿದ್ದೆ. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಬಾವಿಯ ಪಕ್ಕದಲ್ಲೇ ಊಟಕ್ಕೆ ಕುಳಿತೆವು. ಕುಡಿಯುವ ನೀರಿನ ಕೊಡ ಮಾತ್ರ ಊರಿಂದ ಬಂದಿತ್ತು. ಅವ್ವ ಶುದ್ಧ ನೀರಿನ ಘಟಕದಿಂದ ಅದನ್ನು ದಿನಾಲೂ ಹೊತ್ತು ತರುತ್ತಾರಂತೆ, ಒಂದೂವರೆ ತಿಂಗಳಿನಿಂದ. ಕಾಕಾ ತರುತ್ತೇನೆಂದರೆ ಅವರ ಕೈಗೆ ಕೊಡ ಕೊಡುವುದಿಲ್ಲವಂತೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಹೇಳಿದರು: "ಮಗಳು ಅಷ್ಟು ದೂರ ಕುಂತು ನಮ್ಮ ಬಾವ್ಯಾಗ ವಿಷ ಐತಿ ಅಂತ ಕಂಡಹಿಡದಾಳ ತಂಗಿ. ಮಗ ಹ್ವಾದಮ್ಯಾಲ ಆದ್ರೂ ನಾವು ಕೇಳಬೇಕಲ್ಲ."

ನಿಮ್ಮ ಬಾವಿಯಲ್ಲಿ ಏನೂ ಇಲ್ಲ ಎಂದು ಅಲ್ಲೇ ಹೇಳಿದೆ. ಯಾಕೆ ಎಂದು ಹೇಳಲಾಗಲಿಲ್ಲ. ಅವ್ವ ನಂಬಲಿಲ್ಲ. ನೀನು ಹೇಳಿದರೆ ನಂಬುತ್ತಾರೆ. ಈ ಕಾಗದ ಮುಟ್ಟಿದ ಕೂಡಲೇ ಮೊದಲು ಅವರಿಗೆ ಫೋನು ಮಾಡು, ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು.

ಸುಚೇತಾ


ಪುಣೆ
೧೮ ಜನವರಿ ೨೦೨೫

ಸುಚಿ,

ಅವ್ವನಿಗೆ ಫೋನು ಮಾಡಿದೆ. ಈಗ ಬಾವಿ ನೀರೇ ಕುಡಿಯುತ್ತಿದ್ದಾರೆ.

ಶುದ್ಧ ನೀರಿಗೆ ಒಂದು ಹರಳು ಕರ್ಪೂರ ಹಾಕಿದೆ. ಹೊಳಪು ಅದೇ ಥರ ಸತ್ತಿತು. ಗುರುತು ಸಿಗದ ಆ ಮೂರು ಮೊನೆಗಳೂ ಅದೇ ಜಾಗದಲ್ಲಿ ಬಂದವು. ಬಟ್ಟಲಿನೊಳಗೆ ಕೂತ ಕರ್ಪೂರ ಯಂತ್ರಕ್ಕೆ ಹೊರಗಿನ ಕರ್ಪೂರದಂತೆ ಕಾಣುವುದಿಲ್ಲ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಮಾಸ್ಕು ಹಾಕಿಕೊಂಡು, ಗಾಳಿ ಹೀರುವ ಗೂಡಿನೊಳಗೆ ಬಾಟಲಿ ತೆರೆಯುವವರು ನಾವು. ಮೂಸಿ ನೋಡುವುದು ಇಲ್ಲಿ ತಪ್ಪು. ನಮ್ಮವ್ವನ ಕೈಗೆ ಬಾಟಲಿ ಕೊಟ್ಟಿದ್ದರೆ ಮುಚ್ಚಳ ತೆಗೆದ ಕೂಡಲೇ ಹೇಳುತ್ತಿದ್ದಳು.

ನಿನ್ನ ಮೇಲೆ ಸಿಟ್ಟು ಮಾಡಬೇಕೆಂದು ಎರಡು ದಿನ ಕಾದೆ. ಬರಲಿಲ್ಲ. ದೊಡ್ಡ ಮನಸ್ಸೆಂದು ತಿಳಿಯಬೇಡ. ಸಿಟ್ಟಿಗೂ ನಿದ್ದೆ ಬೇಕಾಗುತ್ತದೆ.

ಇನ್ನೊಂದು ವಿಷಯ ಒಳಗೆ ಮುರಿದಿದೆ. ನಾಲ್ಕು ವರ್ಷ ನಾನು ಒಂದೇ ಚಿತ್ರ ನೋಡುತ್ತಿದ್ದೆ: ಆಸ್ಪತ್ರೆಯ ಮೊದಲನೆಯ ದಿನ, ಅಣ್ಣನ ರಕ್ತದೊಳಗೆ ನನ್ನ ಬಟ್ಟಲುಗಳು ಹೋಗಿ ವಿಷವನ್ನು ಒಂದೊಂದಾಗಿ ಹಿಡಿದುಕೊಳ್ಳುವುದು. ಒಂದು ಹರಳು ಕರ್ಪೂರ ಬಂದರೆ ವಿಷವನ್ನು ಕೆಳಗಿಳಿಸುವ ಬಟ್ಟಲು, ನೂರು ಬಗೆಯ ಅಣುಗಳು ಓಡಾಡುವ ಮೈಯೊಳಗೆ ಎಷ್ಟು ಹೊತ್ತು ಹಿಡಿದೀತು? ಇದು ಪುಸ್ತಕದಲ್ಲಿ ಮೊದಲೇ ಇತ್ತು. ಓದಿದ್ದೆ. ನಿನ್ನ ಬಾಟಲಿ ಬರುವವರೆಗೆ ನಂಬಿರಲಿಲ್ಲ. ನೀರಿನಲ್ಲಾದರೂ ಹಿಡಿಯುತ್ತದೆ ಎಂದು ತೋರಿಸಿ ಮುಗಿಸುತ್ತೇನೆ. ಗೈಡ್ ಫೆಬ್ರವರಿವರೆಗೆ ಬಿಟ್ಟಿದ್ದಾರೆ.

ನೀನು ಬರೆದಿದ್ದೀ, ಮೊದಲೇನಿತ್ತೆಂದು ನೋಡದೆ ತುಂಬಿದವಳು ನಾನೂ ಎಂದು. ನಾನೂ ಎಂದು ಬರೆಯಬೇಕಾದವಳು ನಾನು.

ಆ ಪಂಚಮಿಗೆ ರಜೆಯಲ್ಲಿ ಊರಿಗೆ ಹೋಗಿದ್ದೆನಲ್ಲ. ಕೊಟ್ಟಿಗೆಯಲ್ಲಿ ಎಣ್ಣೆಯ ಡಬ್ಬಿ ಸೋರುತ್ತಿತ್ತು, ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಕಡೆ ಹರಿಯುತ್ತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಕೈಗೆ ಸಿಕ್ಕ ತಂಪುಪಾನೀಯದ ಬಾಟಲಿಗೆ ಸುರಿದೆ. ನಾನು, ರಸಾಯನಶಾಸ್ತ್ರ ಓದುವವಳು. ಚೀಟಿ ಹಚ್ಚಬೇಕೆಂದು ಪೆನ್ನು ಹುಡುಕಲು ಒಳಗೆ ಹೋದೆ. ಅಷ್ಟರಲ್ಲಿ ತಾಯವ್ವ ಅತ್ತಿ ಪಂಚಮಿಯ ಉಂಡಿ ತಂದು ಒಳಗೆ ಕುಳಿತಿದ್ದಳು. ಮಾತಿಗೆ ಕುಳಿತೆ. ಮರುದಿನ ಮಧ್ಯಾಹ್ನ ಅಣ್ಣ ಕುಡಿದ.

ಅಪ್ಪನೇ ಸುರಿದಿಟ್ಟಿದ್ದು ಎಂದು ಎಲ್ಲರೂ ತಿಳಿದರು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮಗನ ದುಃಖದಲ್ಲಿ ತಾನೇ ಮಾಡಿದೆನೇನೋ ಎಂದು ಅವನಿಗೇ ಅನ್ನಿಸಿರಬೇಕು ಎಂದುಕೊಂಡೆ. ಸುಮ್ಮನಿದ್ದೆ. ನಿನಗೆ ಮೂರು ತಿಂಗಳು ಹಿಡಿಯಿತು, ನನಗೆ ಆರು ವರ್ಷ.

ಫೆಬ್ರವರಿ ಎರಡರಂದು ಸಾಲಹಳ್ಳಿಗೆ ಬರುತ್ತೇನೆ. ಗಾಜಿನ ಬಾಟಲಿ ನಾನೇ ತರುತ್ತೇನೆ. ನಿಮ್ಮ ಬಾವಿಯದ್ದು, ಸಂಗೊಳ್ಳಿಯದ್ದು, ಸವದತ್ತಿಯದ್ದು ದಾರಿಯಲ್ಲಿ ಇಬ್ಬರೂ ಸೇರಿ ತುಂಬೋಣ. ಆಮೇಲೆ ಅವ್ವನಿಗೆ ಹೇಳುತ್ತೇನೆ. ನೀನು ಇರಬೇಕು. ಮಾತಾಡಬೇಕಿಲ್ಲ.

ಮಹಾನಂದಾ


ದೇಗಾಂವ
೧೬ ಫೆಬ್ರವರಿ ೨೦೨೫

ಪ್ರಿಯ ಮಹಾನಂದಾ,

ನಿನ್ನ ಕಾರ್ಡು ನಿನ್ನೆ ಬಂತು. ಮೂರು ನೀರಿನಲ್ಲಿ ಬಟ್ಟಲು ವಿಷ ಹಿಡಿಯಿತು, ಸವದತ್ತಿಯ ಗಡಸು ನೀರಿನಲ್ಲಿ ಅರ್ಧ ಹಿಡಿಯಿತು ಎಂದು ಓದಿದೆ. ಅರ್ಧವನ್ನು ಅರ್ಧವೆಂದೇ ಬರೆಯುತ್ತೇನೆ ಎಂದಿದ್ದೀ. ಸರಿ. ಆ ಅಧ್ಯಾಯ ಆಯಿತಲ್ಲ. ಅಮ್ಮನಿಗೆ ಹೇಳಿದೆ. ಅವಳು ಅಟ್ಟದ ಬಾಟಲಿಗಳನ್ನು ಇಳಿಸಿ ಬಹಳ ಹೊತ್ತು ಮೂಸಿ ನೋಡಿದಳು.

ನೀನು ಕಾರ್ಡಿನಲ್ಲಿ ಮನೆಯ ಮಾತು ಒಂದನ್ನೂ ಕೇಳಿಲ್ಲ. ನೀನು ಹೇಳಿ ಮುಗಿಸಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದು, ಮತ್ತೆ ಬಡಿಯತೊಡಗಿದ್ದು ನೀನು ಕಂಡದ್ದೇ. ಅಷ್ಟನ್ನೇ ಕಂಡು ನೀನು ಬಸ್ಸು ಹತ್ತಿದೆ. ನಾನು ಆ ರಾತ್ರಿ ಅಲ್ಲೇ ಉಳಿದೆ; ಆಮೇಲಿನದ್ದು ನಿನಗೆ ಗೊತ್ತಿಲ್ಲ.

ಕಾಕಾ ರಾಮದುರ್ಗದಿಂದ ಇಳಿಹೊತ್ತಿಗೆ ಬಂದರು. ಅವ್ವ ಅವರ ಮುಂದೆ ತಾಟು ಇಟ್ಟು, ಎದುರಿಗೆ ಕುಳಿತುಕೊಂಡರು. ಅವರು ಹಾಗೆ ಎದುರಿಗೆ ಕುಳಿತದ್ದನ್ನು ನಾನು ಎಂದೂ ಕಂಡಿರಲಿಲ್ಲ. ನೀನು ಹೇಳಿದ್ದನ್ನು ಹೇಳಿದರು. ಆಮೇಲೆ, "ಆರು ವರ್ಷ ದಿನಾ ಬೈದೇನಿ ನಿಮ್ಮನ್ನ. ಒಂದ ದಿನಾನೂ ನಾ ಅಲ್ಲ ಅನಲಿಲ್ಲ ನೀವು" ಎಂದರು. ಕಾಕಾ ರೊಟ್ಟಿ ಮುರಿಯುತ್ತ, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದರು. ಅವ್ವ ಎದ್ದು ಉಪ್ಪು ತಂದರು. ಅಲ್ಲಿಗೆ ಆ ಮಾತು ನಿಂತಿತು. ಮರುದಿನ ಬೆಳಿಗ್ಗೆ ಬಾವಿಯಿಂದ ಕೊಡ ತಂದವರು ಕಾಕಾ. ಅವ್ವ ಕೊಟ್ಟಿದ್ದರು.

ನನ್ನನ್ನು ಬಸ್ಸಿಗೆ ಬಿಡಲು ಕಾಕಾ ಬಂದರು. ನಾನು ಏನೂ ಕೇಳಿರಲಿಲ್ಲ, ನಿನಗೆ ಗೊತ್ತಲ್ಲ ನಾನು ಕೇಳುವವಳಲ್ಲ. ಅವರೇ ಹೇಳಿದರು, ರಸ್ತೆಯ ಕಡೆ ನೋಡುತ್ತ.

"ಆಕಿ ಹಾಕಿದ್ದು ನನಗ ಅವತ್ತ ಸಂಜೀನ ಗೊತ್ತಾಗಿತ್ತು. ಅವತ್ತ ಮನ್ಯಾಗ ಇದ್ದಾಕಿ ಆಕಿ ಒಬ್ಬಾಕಿನ. ಡಬ್ಬಿ ಬರಿದಾಗಿತ್ತು, ಬಾಜೂಕ ಬಾಟ್ಲಿ ಇತ್ತು. ಮುಚ್ಚಳ ತಗದು ವಾಸನಿ ನೋಡಿದೆ. ಎಣ್ಣಿ ಅಂತ ತಿಳೀತು. ಮುಂಜಾನೆ ತಗದಿಟ್ಟರಾತು ಅಂತ ಅಲ್ಲೇ ಇಟ್ಟು ಬಂದೆ. ಮುಂಜಾನೆ ಮರತೆ. ಆಕಿ ತಿಳೀದ ಇಟ್ಟಾಕಿ, ನಾ ತಿಳದು ಬಿಟ್ಟಾಂವ. ಬೈಗಳಾ ನನ್ನವ ಅದಾವು, ನಾ ತಿಂದೇನಿ. ಆಕಿಗೆ ಇದನ್ನ ಹೇಳಬ್ಯಾಡ."

ಆಗಲಿ ಕಾಕಾ ಎಂದು ನಾನು ಬಸ್ಸು ಹತ್ತಿದೆ. ಅವರು ಕಿಟಕಿಯೊಳಗಿಂದ ನನ್ನ ಚೀಲ ಕೊಟ್ಟು, ಇಳಿಯುವಾಗ ಮರೆಯಬೇಡ ಎಂದರು.

ಹದಿಮೂರು ದಿನ ಈ ಮಾತನ್ನು ಇಟ್ಟುಕೊಂಡೆ. ಹಿರಿಯರಿಗೆ ಕೊಟ್ಟ ಮಾತು. ಆದರೆ ಹೇಳದೆ ಇಟ್ಟುಕೊಳ್ಳುವುದು ನನ್ನಿಂದ ಇನ್ನೊಂದು ಸಲ ಆಗುವುದಿಲ್ಲ. ಮಾತು ತಪ್ಪಿದ್ದೇನೆ ಎಂದು ಅವರಿಗೂ ನಾನೇ ಹೇಳುತ್ತೇನೆ.

ಬೆಳಿಗ್ಗೆ ಏಳರವರೆಗೆ ಕಾಕಾ ಮನೆಯಲ್ಲಿರುತ್ತಾರೆ. ಫೋನು ಅವ್ವ ಎತ್ತುತ್ತಾರೆ. ಅಪ್ಪನ ಕೈಗೆ ಕೊಡು ಎಂದು ಹೇಳು.

ನಿನ್ನ ಸುಚೇತಾ